ಎಲೆ ಉದುರುವ ಹೊತ್ತಿನಲ್ಲಿ ಕತ್ತರಿ ಒಳಗಿರಲಿ

ಮಾನ್ಯ ಸಂಪಾದಕರೆ,

ನಿಮ್ಮ ಕೈತೋಟದ ಪುಟದಲ್ಲಿ ಶರತ್ಕಾಲದ ಕೆಲಸಗಳ ಪಟ್ಟಿಯೊಂದು ಬಂದಿದೆ. ಎಲೆ ಗುಡಿಸಿ, ಗಿಡ ಸವರಿ, ಗೊಬ್ಬರ ಕೊಡಿ, ಬುಡಕ್ಕೆ ಹೊದಿಕೆ ಏರಿಸಿ, ನೀರು ನಿಲ್ಲಿಸಿ, ಸಲಕರಣೆಗಳಿಗೆ ಎಣ್ಣೆ ಹಚ್ಚಿ ಎಂದು ಆರು ಸಾಲು. ಇಷ್ಟಕ್ಕೂ ಒಂದು ಭಾನುವಾರ ಸಾಕು ಎಂಬ ಭರವಸೆ ಬೇರೆ. ಆರೂ ಕೆಲಸಗಳು ತೋಟದಲ್ಲಿ ಇರುವಂಥವೇ. ಆದರೆ ಒಂದೊಂದಕ್ಕೂ ಕಾಲ ಬೇರೆ, ಒಂದನ್ನಂತೂ ಆ ಹೊತ್ತಿನಲ್ಲಿ ಮಾಡಲೇಬಾರದು. ನೆಲ ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಸೀಮೆಗಳಲ್ಲಿ ವಸಂತಕ್ಕೆ ಚಿಗುರದೆ ನಿಂತ ಗಿಡ ಕಂಡರೆ ಜನ ಚಳಿಯನ್ನು ಬೈಯುತ್ತಾರೆ. ಎಷ್ಟೋ ಸಲ ಗಿಡಕ್ಕೆ ಪೆಟ್ಟು ಬಿದ್ದಿರುವುದು ಚಳಿ ಬರುವುದಕ್ಕೆ ಮೊದಲೇ, ಅಂಗಳ ಚೊಕ್ಕ ಮಾಡುವ ಉತ್ಸಾಹದಲ್ಲಿ.

ಮೊದಲು ಸವರುವ ವಿಚಾರ. ಎಲೆ ಹಳದಿಯಾಗುವ ಹೊತ್ತಿಗೆ ಗಿಡ ಬೆಳವಣಿಗೆ ನಿಲ್ಲಿಸಿ, ಆ ವರ್ಷದ ಎಳೆ ಕೊಂಬೆಗಳನ್ನು ಬಲಿಸಿಕೊಳ್ಳುತ್ತಿರುತ್ತದೆ. ಆಗ ತುದಿ ಕತ್ತರಿಸಿದರೆ, ಹವೆ ಇನ್ನೂ ಬೆಚ್ಚಗಿದ್ದರೆ, ಪಕ್ಕದ ಮೊಗ್ಗುಗಳು ಎಚ್ಚೆತ್ತು ಚಿಗುರುತ್ತವೆ. ಆ ಚಿಗುರು ಬಲಿಯಲು ಸಮಯವಿಲ್ಲ. ಮೊದಲ ಗಟ್ಟಿ ಹಿಮಕ್ಕೆ ಕಪ್ಪಾಗಿ, ಹಿಂದಿನ ಕೊಂಬೆಯನ್ನೂ ಸ್ವಲ್ಪ ಒಣಗಿಸುತ್ತದೆ. ಜೊತೆಗೆ, ಬೆಳವಣಿಗೆ ನಿಂತ ಗಿಡ ಗಾಯ ಮುಚ್ಚಿಕೊಳ್ಳುವುದು ನಿಧಾನ. ಶರತ್ಕಾಲದ ತೇವದಲ್ಲಿ ಕೊಳೆ ತರುವ ಶಿಲೀಂಧ್ರಗಳ ಬೀಜಕಣಗಳು ಗಾಳಿಯಲ್ಲಿ ಧಾರಾಳವಾಗಿರುತ್ತವೆ. ತೆರೆದ ಗಾಯ ತಿಂಗಳುಗಟ್ಟಲೆ ಹಾಗೇ ಇರುತ್ತದೆ.

ಹೂಗಿಡಗಳಲ್ಲಿ ನಷ್ಟ ಇನ್ನೂ ನೇರ. ಲೈಲ್ಯಾಕ್, ಅಜೇಲಿಯಾ, ಫಾರ್ಸಿಥಿಯಾದಂಥ ವಸಂತದಲ್ಲಿ ಅರಳುವ ಪೊದೆಗಳು ಮುಂದಿನ ಹೂವಿನ ಮೊಗ್ಗನ್ನು ಹಿಂದಿನ ಬೇಸಿಗೆಯಲ್ಲೇ ಕಟ್ಟಿ ಇಟ್ಟುಕೊಂಡಿರುತ್ತವೆ. ಕೊಂಬೆಯ ತುದಿ ಹತ್ತಿರದಿಂದ ನೋಡಿ: ಎಲೆಯ ಮೊಗ್ಗು ತೆಳ್ಳಗೆ ಚೂಪಾಗಿ ಕೊಂಬೆಗೆ ಅಂಟಿಕೊಂಡಿರುತ್ತದೆ, ಹೂವಿನ ಮೊಗ್ಗು ದಪ್ಪಗೆ ಉಬ್ಬಿರುತ್ತದೆ. ಶರತ್ಕಾಲದಲ್ಲಿ ದುಂಡಗೆ ಸವರಿದಾಗ ಕೆಳಗೆ ಬೀಳುವುದು ಈ ಉಬ್ಬಿದ ಮೊಗ್ಗುಗಳೇ. ಇವನ್ನು ಸವರಬೇಕಾದ್ದು ಹೂವು ಬಾಡಿದ ಕೂಡಲೇ. ಸೇಬು, ದ್ರಾಕ್ಷಿಗಳಿಗೆ ಚಳಿಗಾಲದ ಕೊನೆ. ಗುಲಾಬಿಯ ಮುಖ್ಯ ಸವರಿಕೆ ವಸಂತದ ಮೊಗ್ಗು ಊದಿಕೊಳ್ಳುವಾಗ. ಈಗ ಬೇಕಿದ್ದರೆ ಉದ್ದುದ್ದ ಬೆಳೆದ ಕಡ್ಡಿಗಳನ್ನು ಮಾತ್ರ ಮೂರರಲ್ಲಿ ಒಂದು ಪಾಲಿನಷ್ಟು ಗಿಡ್ಡ ಮಾಡಬಹುದು. ಅದೂ ಗಾಳಿಗೆ ಗಿಡ ತೂಗಾಡಿ ಬುಡದ ಮಣ್ಣು ಸಡಿಲವಾಗದಿರಲಿ ಎಂದು. ಸತ್ತದ್ದು, ರೋಗ ಬಂದದ್ದು, ಮುರಿದು ಜೋತಾಡುತ್ತಿರುವುದು, ಈ ಮೂರನ್ನು ತೆಗೆಯಲು ಯಾವ ಕಾಲವೂ ಆದೀತು. ಉಳಿದದ್ದಕ್ಕೆ ಕತ್ತರಿ ಒಳಗಿರಲಿ.

ಇನ್ನು ಎಲೆ. ಪಟ್ಟಿಯಲ್ಲಿ ‘ಗುಡಿಸಿ ವಿಲೇವಾರಿ ಮಾಡಿ’ ಎಂದಿದೆ. ವಿಲೇವಾರಿ ಎಂದರೆ ಬಹಳ ಜನಕ್ಕೆ ಬೆಂಕಿಕಡ್ಡಿ ಎಂದೇ ಅರ್ಥ. ತರಗೆಲೆಯ ರಾಶಿ ಧಗಧಗ ಉರಿಯುವುದಿಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ಗಾಳಿ ಸಾಲದೆ ಸುಡುವ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಮತ್ತು ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳು ಹೆಚ್ಚು ಹೊರಬರುತ್ತವೆ. ಉಬ್ಬಸ ಇರುವವರಿಗೆ ಇದು ಸಣ್ಣ ಸಂಗತಿಯಲ್ಲ. ಬೀದಿಯ ಚರಂಡಿಗೆ ತಳ್ಳಿದರೂ ಕ್ಷೇಮವಿಲ್ಲ: ಮಳೆನೀರಿನಲ್ಲಿ ನೆನೆದ ಎಲೆ ಚಹಾದ ಸೊಪ್ಪಿನಂತೆ ತನ್ನೊಳಗಿನ ರಂಜಕವನ್ನು ಬಿಟ್ಟುಕೊಡುತ್ತದೆ. ಅದು ಕೆರೆ ಸೇರಿ ಪಾಚಿಗೆ ಗೊಬ್ಬರವಾಗುತ್ತದೆ.

ಉದುರುವ ಮುನ್ನ ಮರ ತನ್ನ ಎಲೆಯಿಂದ ಸಾರಜನಕದ ದೊಡ್ಡ ಪಾಲನ್ನು ಹಿಂದಕ್ಕೆ ಎಳೆದುಕೊಂಡಿರುತ್ತದೆ. ಉಳಿಯುವುದು ಹೆಚ್ಚಾಗಿ ಇಂಗಾಲ. ಅದಕ್ಕೇ ಬರೀ ತರಗೆಲೆಯನ್ನು ಗುಡ್ಡೆ ಹಾಕಿದರೆ ವರ್ಷವಾದರೂ ಎಲೆ ಎಲೆಯಾಗಿಯೇ ಇರುತ್ತದೆ. ಕಾಂಪೋಸ್ಟ್ ಬೇಗ ಆಗಬೇಕಾದರೆ ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲ ಇರಬೇಕು. ಅಂಗಳದ ಲೆಕ್ಕದಲ್ಲಿ ಹೇಳುವುದಾದರೆ ಮೂರು ಬುಟ್ಟಿ ತರಗೆಲೆಗೆ ಒಂದು ಬುಟ್ಟಿ ಹಸಿ: ಕತ್ತರಿಸಿದ ಹುಲ್ಲು, ತರಕಾರಿ ಸಿಪ್ಪೆ, ಕಿತ್ತ ಕಳೆ. ಬೀಜ ಕಟ್ಟಿದ ಕಳೆ ಬೇಡ. ಗುಡ್ಡೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಒಳಗೆ ಹುಟ್ಟಿದ ಶಾಖ ಅಂಚಿನಿಂದ ಸೋರಿಹೋಗುತ್ತದೆ. ಸರಿಯಾಗಿ ಕೂತ ಗುಡ್ಡೆಯ ಹೊಟ್ಟೆಯಲ್ಲಿ ಕೆಲವೇ ದಿನಗಳಲ್ಲಿ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಬಿಸಿ ಇಳಿದಾಗ ಅಂಚಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ಮಗುಚಬೇಕು.

ತೇವದ ಪರೀಕ್ಷೆಗೆ ಉಪಕರಣ ಬೇಡ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳಸಂದಿನಿಂದ ಒಂದೆರಡು ಹನಿ ಬಂದರೆ ಸರಿ. ಧಾರೆ ಸುರಿದರೆ ಒದ್ದೆ ಹೆಚ್ಚು, ಮುಷ್ಟಿ ಬಿಚ್ಚಿದಾಗ ಪುಡಿಪುಡಿಯಾಗಿ ಉದುರಿದರೆ ಒಣಕಲು. ಮೂಗು ಉಳಿದದ್ದನ್ನು ಹೇಳುತ್ತದೆ. ಕಣ್ಣಿಗೆ ಹತ್ತುವ ಅಮೋನಿಯಾ ವಾಸನೆ ಇದ್ದರೆ ಹಸಿ ಜಾಸ್ತಿಯಾಗಿದೆ, ತರಗೆಲೆ ಸೇರಿಸಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿಯಾಡುತ್ತಿಲ್ಲ, ಮಗುಚಿ ಒರಟು ಕಡ್ಡಿ ಸೇರಿಸಿ. ಯಾವ ವಾಸನೆಯೂ ಇಲ್ಲದೆ ಗುಡ್ಡೆ ತಣ್ಣಗೆ ಕೂತಿದ್ದರೆ ಒಂದೋ ನೀರಿಲ್ಲ, ಇಲ್ಲವೇ ಹಸಿ ಸಾಲದು. ಇಡೀ ಎಲೆಗಳನ್ನು ಹಾಗೇ ಒಟ್ಟಿದರೆ ಪುಸ್ತಕದ ಹಾಳೆಗಳಂತೆ ಒಂದಕ್ಕೊಂದು ಮೆತ್ತಿಕೊಂಡು ಗಾಳಿಯೂ ನೀರೂ ಒಳಹೋಗುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರವನ್ನು ಎಲೆಯ ಮೇಲೆ ಎರಡು ಸಲ ಓಡಿಸಿ ಚೂರು ಮಾಡಿಕೊಂಡರೆ ಈ ತಾಪತ್ರಯ ಇಲ್ಲ, ರಾಶಿಯೂ ಬಹಳ ಕುಗ್ಗುತ್ತದೆ.

ಹಸಿ ಸಿಗದಿದ್ದರೆ ಎಲೆಗೊಬ್ಬರಕ್ಕೆ ಹೋಗಿ. ಇದು ಬಿಸಿಯ ಕೆಲಸವಲ್ಲ, ಬೂಷ್ಟಿನ ಕೆಲಸ. ತಂತಿಬಲೆಯನ್ನು ಒಂದು ಮೀಟರ್ ಅಗಲಕ್ಕೆ ದುಂಡಗೆ ಸುತ್ತಿ, ಎಲೆ ತುಂಬಿ, ತುಂಬುವಾಗಲೇ ಚೆನ್ನಾಗಿ ನೆನೆಸಿ, ಮರೆತುಬಿಡುವುದು. ಚೂರು ಮಾಡಿದ ಎಲೆ ಸುಮಾರು ಒಂದು ವರ್ಷಕ್ಕೆ, ಇಡೀ ಎಲೆ ಎರಡಕ್ಕೆ ಕಪ್ಪಗೆ ಮೃದುವಾಗಿ ಕಾಡುಮಣ್ಣಿನ ವಾಸನೆ ಬರುತ್ತದೆ. ಅದರಲ್ಲಿ ಪೋಷಕಾಂಶ ಕಡಿಮೆ. ಗೊಬ್ಬರ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಅದರ ಗುಣ ನೀರು ಹಿಡಿದಿಡುವುದರಲ್ಲಿದೆ. ಮರಳು ಮಣ್ಣಿಗೆ ಇದಕ್ಕಿಂತ ಒಳ್ಳೆಯದು ಪುಕ್ಕಟೆಯಾಗಿ ಸಿಗುವುದು ಕಷ್ಟ.

ಎಲ್ಲ ಎಲೆಯೂ ಒಂದೇ ಅಲ್ಲ. ಗುಲಾಬಿಯ ಕಪ್ಪುಚುಕ್ಕೆ, ಎಲೆ, ಕಾಯಿಗಳ ಮೇಲೆ ಕಲೆ ಎಬ್ಬಿಸುವ ಸೇಬಿನ ಸ್ಕ್ಯಾಬ್ ರೋಗದ ಶಿಲೀಂಧ್ರಗಳು ಬಿದ್ದ ಎಲೆಯಲ್ಲೇ ಚಳಿಗಾಲ ಕಳೆದು, ವಸಂತದ ಮಳೆಗೆ ಹೊಸ ಎಲೆಗೆ ಹಾರುತ್ತವೆ. ಈ ಗಿಡಗಳ ಕೆಳಗಿನ ಎಲೆ ಮಾತ್ರ ಪೂರ್ತಿ ಹೊರಹೋಗಬೇಕು, ತಣ್ಣನೆಯ ಗುಡ್ಡೆಗೆ ಸೇರಲೇಬಾರದು. ಸೇಬಿನ ತೋಟದಲ್ಲಿ ಅಷ್ಟೂ ಎಲೆ ಆರಿಸಲಾಗದಿದ್ದರೆ, ಲೀಟರ್ ನೀರಿಗೆ 50 ಗ್ರಾಂ ಯೂರಿಯಾ ಕರಗಿಸಿ ನೆಲದ ಮೇಲಿನ ಎಲೆ ತೊಯ್ಯುವಂತೆ ಸಿಂಪಡಿಸುತ್ತಾರೆ. ಎಲೆ ಬೇಗ ಕೊಳೆಯುತ್ತದೆ, ಶಿಲೀಂಧ್ರ ಬೀಜಕಣ ಬಲಿಸುವಷ್ಟರಲ್ಲಿ ಮನೆ ಕಳೆದುಕೊಂಡಿರುತ್ತದೆ. ಕಪ್ಪು ವಾಲ್‌ನಟ್ ಮರದ ಹಸಿ ಎಲೆಯನ್ನು ಟೊಮೆಟೊ ಮಡಿಗೆ ಹೊದಿಸಬೇಡಿ. ಅದರಲ್ಲಿರುವ ಜುಗ್ಲೋನ್ ಟೊಮೆಟೊ ಜಾತಿಗೆ ವಿಷ. ಚೆನ್ನಾಗಿ ಕಳಿತ ಕಾಂಪೋಸ್ಟ್ ಆದಮೇಲೆ ತೊಂದರೆಯಿಲ್ಲ.

ಹೂವಿನ ಮಡಿಗಳಲ್ಲಿ, ಬೇಲಿಯ ಬುಡದಲ್ಲಿ ಬಿದ್ದ ಎಲೆ ಅಲ್ಲೇ ಇರಲಿ. ಚಿಟ್ಟೆಗಳ ಮೊಟ್ಟೆ, ಕೋಶ, ಗುಲಗಂಜಿಹುಳು ಚಳಿ ಕಳೆಯುವುದು ಅದರಡಿಯಲ್ಲೇ. ಟೊಳ್ಳು ಕಾಂಡದ ಹೂಗಿಡಗಳನ್ನೂ ನೆಲಮಟ್ಟಕ್ಕೆ ಕೊಚ್ಚುವುದು ಬೇಡ, ಕೆಲವು ಜಾತಿಯ ಒಂಟಿ ಜೇನ್ನೊಣಗಳಿಗೆ ಅದೇ ಗೂಡು.

ಹುಲ್ಲುಹಾಸಿನ ಮೇಲೆ ಮಾತ್ರ ಎಲೆ ಕೂರಬಾರದು. ಒದ್ದೆ ಎಲೆ ಕಂಬಳಿಯಂತೆ ಮುಚ್ಚಿದರೆ ಹುಲ್ಲಿಗೆ ಬೆಳಕಿಲ್ಲ, ಮೇಲೆ ಹಿಮ ಬಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿದು ವಸಂತಕ್ಕೆ ಬೂದು ತೇಪೆಗಳು ಕಾಣುತ್ತವೆ. ಎಲೆ ಒಣಗಿರುವಾಗ ಯಂತ್ರ ಓಡಿಸಿ. ಚೂರುಗಳ ನಡುವೆ ಅರ್ಧಕ್ಕಿಂತ ಹೆಚ್ಚು ಹುಲ್ಲು ಕಣ್ಣಿಗೆ ಬಿದ್ದರೆ ಚೂರನ್ನು ಅಲ್ಲೇ ಬಿಡಬಹುದು, ಎರೆಹುಳು ಉಳಿದ ಕೆಲಸ ಮಾಡುತ್ತದೆ. ಹುಲ್ಲು ಮುಚ್ಚಿಹೋಗಿದ್ದರೆ ಗುಡಿಸಿ ಗುಡ್ಡೆಗೆ. ಬ್ಲೂಗ್ರಾಸ್, ಫೆಸ್ಕ್ಯೂದಂಥ ತಂಪು ಹವೆಯ ಹುಲ್ಲುಗಳನ್ನು ಆರೇಳು ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾ ಬನ್ನಿ, ಒಂದು ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೇಡ. ಹುಲ್ಲು ಬೆಳೆಯುವುದು ನಿಲ್ಲಿಸಿದ ದಿನ ಯಂತ್ರವೂ ನಿಲ್ಲುತ್ತದೆ, ಕ್ಯಾಲೆಂಡರ್ ನೋಡಿ ಅಲ್ಲ.

ಗೊಬ್ಬರದ ಸಾಲಿನಲ್ಲಿ ಪಟ್ಟಿ ಒಂದು ಮುಖ್ಯ ಭೇದವನ್ನೇ ಬಿಟ್ಟಿದೆ. ಮೇಲೆ ಹೇಳಿದ ತಂಪು ಹವೆಯ ಹುಲ್ಲುಗಳಿಗೆ ಶರತ್ಕಾಲ ಬೇರು ಬೆಳೆಸುವ ಕಾಲ. ವರ್ಷದಲ್ಲಿ ಒಂದೇ ಸಲ ಗೊಬ್ಬರ ಕೊಡುವವರು ಆಗಲೇ ಕೊಡಬೇಕು. ಬರ್ಮುಡಾ, ಜೋಯ್ಸಿಯಾದಂಥ ಬಿಸಿ ಹವೆಯ ಹುಲ್ಲುಗಳು ಅದೇ ಹೊತ್ತಿಗೆ ನಿದ್ದೆಗೆ ಹೋಗುತ್ತಿರುತ್ತವೆ. ಅವಕ್ಕೆ ಸಾರಜನಕ ಕೊಟ್ಟರೆ ಎಳೆ ಹುಲ್ಲು ಚಿಗುರಿ ಚಳಿಗೆ ಸುಟ್ಟುಹೋಗುತ್ತದೆ. ಪ್ರಮಾಣ: ಚದರ ಮೀಟರಿಗೆ 5 ಗ್ರಾಂ ಸಾರಜನಕ. ಚೀಲದ ಮೇಲಿನ ಮೊದಲ ಅಂಕಿ ಶೇಕಡಾ ಸಾರಜನಕವನ್ನು ಹೇಳುತ್ತದೆ, 5ನ್ನು 100ರಿಂದ ಗುಣಿಸಿ ಆ ಅಂಕಿಯಿಂದ ಭಾಗಿಸಿದರೆ ಎಷ್ಟು ಗ್ರಾಂ ಎಂದು ಸಿಗುತ್ತದೆ. 20ರ ಗೊಬ್ಬರವಾದರೆ 25 ಗ್ರಾಂ, 46ರ ಯೂರಿಯಾ ಆದರೆ 11 ಗ್ರಾಂ. ಅಂದರೆ 100 ಚದರ ಮೀಟರ್ ಹುಲ್ಲಿಗೆ ಯೂರಿಯಾ 1 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೈಯಳತೆಯಲ್ಲಿ ಎರಚುವವರು ಇದರ ಎರಡು ಮೂರು ಪಟ್ಟು ಸುರಿಯುವುದು ಸುಲಭ. ಒಣ ಹುಲ್ಲಿನ ಮೇಲೆ ಎರಚಿ ಆಮೇಲೆ ನೀರು ಕೊಡಿ. ಇಬ್ಬನಿ ಇದ್ದಾಗ ಎರಚಿದರೆ ಹರಳು ಎಲೆಗೆ ಅಂಟಿ ಸುಡುತ್ತದೆ.

ಮರಗಳಿಗೆ, ಪೊದೆಗಳಿಗೆ ಈ ಹೊತ್ತಿನಲ್ಲಿ ಸಾರಜನಕ ಬೇಡವೇ ಬೇಡ. ಮಣ್ಣಿನ ಹುಳಿ ತಗ್ಗಿಸಲು ಸುಣ್ಣ ಬೇಕಿದ್ದರೆ ಇದು ಒಳ್ಳೆಯ ಕಾಲ, ಏಕೆಂದರೆ ಅದು ಮಣ್ಣಿನಲ್ಲಿ ಕೆಲಸ ಮಾಡಲು ತಿಂಗಳುಗಳು ಹಿಡಿಯುತ್ತದೆ. ಆದರೆ ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕುವುದು ನೋವಿಲ್ಲದೆ ಮಾತ್ರೆ ನುಂಗಿದ ಹಾಗೆ.

ಬುಡಕ್ಕೆ ಹೊದಿಕೆ ‘ಏರಿಸಿ’ ಎಂಬ ಮಾತು ನಮಗೆ ಹೆಚ್ಚು ಕಳವಳ ತಂದಿದೆ. ಹೊದಿಕೆ ಹರಡಬೇಕು, ಏರಿಸಬಾರದು. ಐದರಿಂದ ಎಂಟು ಸೆಂಟಿಮೀಟರ್ ದಪ್ಪ ಸಾಕು, ಬೊಡ್ಡೆಯ ಸುತ್ತ ಒಂದು ಗೇಣು ಜಾಗ ಖಾಲಿ ಇರಬೇಕು. ಬೊಡ್ಡೆಗೆ ತಾಗಿಸಿ ಹುತ್ತದಂತೆ ಒಟ್ಟಿದರೆ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ. ಹೊದಿಕೆಯೊಳಗೆ ಹೊಸ ಬೇರು ಹುಟ್ಟಿ ಬೊಡ್ಡೆಯನ್ನೇ ಸುತ್ತಿ ವರ್ಷಗಳ ಮೇಲೆ ಕತ್ತು ಹಿಸುಕುತ್ತದೆ. ಎಲ್ಲಕ್ಕಿಂತ ಬೇಗ ಆಗುವ ಅನಾಹುತ ಇಲಿಗಳದು: ಬೆಚ್ಚನೆಯ ಹೊದಿಕೆಯಡಿ ಕೂತು ತೊಗಟೆಯನ್ನು ಸುತ್ತಲೂ ಕೆರೆದು ತಿನ್ನುತ್ತವೆ. ಬಳೆಯಂತೆ ಪೂರ್ತಿ ತೊಗಟೆ ಹೋದ ಎಳೆ ಮರ ಸಾಮಾನ್ಯವಾಗಿ ಉಳಿಯುವುದಿಲ್ಲ. ಎಳೆ ಹಣ್ಣಿನ ಮರಗಳಿಗೆ 6 ಮಿಲಿಮೀಟರ್ ಕಣ್ಣಿನ ತಂತಿಬಲೆಯನ್ನು ಕೊಳವೆಯಂತೆ ಸುತ್ತಿ, ಐದು ಸೆಂಟಿಮೀಟರ್ ಮಣ್ಣೊಳಗೆ ಇಳಿಸಿ, ಹಿಮ ಕೂರುವ ಮಟ್ಟಕ್ಕಿಂತ ಮೇಲೆ ನಿಲ್ಲಿಸಬೇಕು. ಹೊದಿಕೆ ಹರಡುವ ಹೊತ್ತೂ ಮುಖ್ಯ. ನೆಲ ತಣ್ಣಗಾಗುವ ಮೊದಲೇ ದಪ್ಪಗೆ ಹೊದಿಸಿದರೆ ಇಲಿಗೆ ಮನೆ ಕಟ್ಟಿಕೊಟ್ಟಂತೆ.

‘ನೀರು ನಿಲ್ಲಿಸಿ’ ಎಂಬ ಸಾಲು ನಲ್ಲಿಗೆ ಸರಿ, ಗಿಡಕ್ಕೆ ತಪ್ಪು. ಎಲೆ ಉದುರಿಸದ ನಿತ್ಯಹಸಿರು ಗಿಡಗಳು ಚಳಿಗಾಲದ ಬಿಸಿಲು, ಗಾಳಿಗೆ ನೀರು ಕಳೆದುಕೊಳ್ಳುತ್ತಲೇ ಇರುತ್ತವೆ. ಹೆಪ್ಪುಗಟ್ಟಿದ ನೆಲದಿಂದ ಬೇರು ನೀರೆಳೆಯಲಾರದು. ವಸಂತಕ್ಕೆ ಕಂದಾಗುವ ಗಿಡಗಳಲ್ಲಿ ಬಹಳಷ್ಟು ಚಳಿಗಲ್ಲ, ಬಾಯಾರಿಕೆಗೆ ಹಾಗಾದವು. ಮಳೆ ಸಾಲದಿದ್ದರೆ ನೆಲ ಗಟ್ಟಿಯಾಗುವವರೆಗೂ ನೀರು ಕೊಡಿ. ಆ ವರ್ಷ ನೆಟ್ಟ ಮರಗಳಿಗೆ ಬೊಡ್ಡೆಯ ಪ್ರತಿ ಸೆಂಟಿಮೀಟರ್ ದಪ್ಪಕ್ಕೆ ಸುಮಾರು 15 ಲೀಟರ್, ಒಂದು ಸಲಕ್ಕೆ, ನಿಧಾನವಾಗಿ.

ನಲ್ಲಿಯ ವಿಚಾರ ಬೇರೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಹಿತ್ತಾಳೆಯೂ ತಡೆಯದು. ಹೊರಗೋಡೆಯ ನಲ್ಲಿಗೆ ಒಳಗಿನ ವಾಲ್ವ್ ಮುಚ್ಚಿ, ಹೊರಗಿನದನ್ನು ತೆರೆದಿಟ್ಟು ನೀರು ಬಸಿಯಬೇಕು. ಹಿಮ ತಡೆಯುವ ನಲ್ಲಿ ಎಂದು ಬರುತ್ತದಲ್ಲ, ಅದರ ನಿಜವಾದ ವಾಲ್ವ್ ಉದ್ದದ ಕೊಳವೆಯ ಒಳತುದಿಯಲ್ಲಿ, ಮನೆಯ ಬೆಚ್ಚನೆಯ ಬದಿಗಿರುತ್ತದೆ. ಮುಚ್ಚಿದಾಗ ಕೊಳವೆಯಲ್ಲಿ ಉಳಿದ ನೀರು ಬಾಯಿಯಿಂದ ಹೊರಬೀಳಬೇಕು. ಹೋಸ್ ಪೈಪು ಸಿಕ್ಕಿಸಿಯೇ ಬಿಟ್ಟರೆ ಆ ನೀರಿಗೆ ದಾರಿಯಿಲ್ಲ. ಕೊಳವೆ ಗೋಡೆಯೊಳಗೇ ಸೀಳುತ್ತದೆ. ವಾಲ್ವ್ ಮುಚ್ಚಿರುವ ಕಾರಣ ಚಳಿಗಾಲವಿಡೀ ಒಂದು ಹನಿಯೂ ಸೋರುವುದಿಲ್ಲ. ವಸಂತದಲ್ಲಿ ಮೊದಲ ಸಲ ನಲ್ಲಿ ತಿರುಗಿಸಿದಾಗ ನೀರು ಗೋಡೆಯೊಳಗೆ ಹರಿಯುತ್ತದೆ. ಹತ್ತು ಸೆಕೆಂಡಿನ ಕೆಲಸ, ಪೈಪು ಬಿಚ್ಚುವುದು. ನೆಲದಡಿಯ ಸ್ಪ್ರಿಂಕ್ಲರ್ ಕೊಳವೆಗಳನ್ನು ಕಂಪ್ರೆಸರ್ ಗಾಳಿಯಿಂದ ಬರಿದು ಮಾಡುವಾಗ ಗಾಳಿಯ ಒತ್ತಡ ಪಿವಿಸಿ ಕೊಳವೆಗೆ 80 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್), ಪಾಲಿಥೀನ್ ಕೊಳವೆಗೆ 50 ಪಿಎಸ್‌ಐ ಮೀರಬಾರದು. ಮೀರಿದರೆ ಹಿಮ ಮಾಡುವ ಕೆಲಸವನ್ನು ಗಾಳಿಯೇ ಮಾಡುತ್ತದೆ.

ಪಟ್ಟಿಯಲ್ಲಿ ಇಲ್ಲದ್ದು ಹೂಗಿಡಗಳ ಗೆಡ್ಡೆಗಳು. ಡ್ಯಾಫೊಡಿಲ್ ಮೊದಲು, ಟ್ಯುಲಿಪ್ ಕೊನೆಗೆ ನೆಡುವುದು ವಾಡಿಕೆ. ನೆಲ ಚೆನ್ನಾಗಿ ತಣ್ಣಗಾದಮೇಲೆ ನೆಟ್ಟ ಟ್ಯುಲಿಪ್‌ಗೆ ಶಿಲೀಂಧ್ರದ ಕಾಟ ಕಡಿಮೆ. ಗೆಡ್ಡೆಯ ಎತ್ತರದ ಮೂರು ಪಟ್ಟು ಆಳ, ಮೂತಿ ಮೇಲಕ್ಕೆ. ನೆಡುವವರೆಗೆ ಫ್ರಿಜ್ಜಿನಲ್ಲಿ ಇಡುವವರು ಸೇಬಿನ ಜೊತೆ ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಹೂಮೊಗ್ಗನ್ನು ಕೊಲ್ಲುತ್ತದೆ. ಎಲೆ ಬರುತ್ತದೆ, ಹೂವಿಲ್ಲ.

ಡೇಲಿಯಾ ತದ್ವಿರುದ್ಧ, ಅದನ್ನು ನೆಲದಿಂದ ಎತ್ತಬೇಕು. ಮೊದಲ ಹಿಮಕ್ಕೆ ಎಲೆ ಕಪ್ಪಾದಮೇಲೆ ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಕೆಲವು ದಿನ ಬಿಟ್ಟು ಅಗೆಯಿರಿ. ಬುಡದಿಂದ 30 ಸೆಂಟಿಮೀಟರ್ ದೂರದಲ್ಲಿ ಸುತ್ತಲೂ ಮಣ್ಣು ಸಡಿಲಿಸಿ, ಅಡಿಯಿಂದ ಎತ್ತಬೇಕು. ಕಾಂಡ ಹಿಡಿದು ಜಗ್ಗಬಾರದು. ಕಾರಣ ಗೆಡ್ಡೆಯಲ್ಲೇ ಕಾಣುತ್ತದೆ. ಗೆಡ್ಡೆಯ ಹೊಟ್ಟೆ ದಪ್ಪ, ಕಾಂಡಕ್ಕೆ ಕೂಡುವ ಕತ್ತು ಪೆನ್ಸಿಲಿನಷ್ಟೇ. ಚಿಗುರುವ ಕಣ್ಣು ಹೊಟ್ಟೆಯ ಮೇಲಿಲ್ಲ, ಕತ್ತಿನಾಚೆ ಕಾಂಡದ ಬುಡದಲ್ಲಿದೆ. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪಗಿರಲಿ, ಚಿಗುರದು. ಟೊಳ್ಳು ಕಾಂಡದ ನೀರು ಬಸಿಯಲು ತಲೆಕೆಳಗಾಗಿ ಒಂದೆರಡು ದಿನ ಇಟ್ಟು, ಆಮೇಲೆ ತೇವವಿದೆಯೋ ಇಲ್ಲವೋ ಎಂಬಂತಿರುವ ಮರದ ಹೊಟ್ಟಿನಲ್ಲಿ ಹುದುಗಿಸಿ 4ರಿಂದ 10 ಡಿಗ್ರಿಯ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಮುಟ್ಟಿ ನೋಡಿ: ಸುಕ್ಕುಗಟ್ಟಿದ್ದರೆ ನೀರು ಚಿಮುಕಿಸಿ, ಮೆತ್ತಗಾಗಿದ್ದರೆ ಆ ಭಾಗ ಕತ್ತರಿಸಿ ಎಸೆಯಿರಿ.

ಕೊನೆಗೆ ಸಲಕರಣೆ. ಪೆಟ್ರೋಲ್ ಯಂತ್ರದ ಟ್ಯಾಂಕಿನಲ್ಲಿ ಎಥನಾಲ್ ಬೆರೆತ ಇಂಧನ ಚಳಿಗಾಲವಿಡೀ ನಿಂತರೆ ತೇವ ಹೀರಿ, ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರ ಮುಚ್ಚುತ್ತದೆ. ಒಂದೋ ಬರಿದಾಗುವವರೆಗೆ ಓಡಿಸಿ, ಇಲ್ಲವೇ ಇಂಧನ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ ಹತ್ತು ನಿಮಿಷ ಓಡಿಸಿ, ಅದು ಕಾರ್ಬುರೇಟರಿಗೂ ತಲುಪಬೇಕಲ್ಲ. ಬ್ಲೇಡಿಗೆ ಕೈ ಹಾಕುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿರಲಿ. ಬ್ಯಾಟರಿ ಯಂತ್ರವಾದರೆ ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಮನೆಯೊಳಗೆ.

ಮರದ ಹಿಡಿಗಳಿಗೆ ಅಗಸೆ ಎಣ್ಣೆ ಹಚ್ಚಿ ಎಂದು ನಿಮ್ಮ ಪುಟ ಹೇಳಿದೆ, ಒರೆಸಿದ ಬಟ್ಟೆಯನ್ನು ಏನು ಮಾಡಬೇಕೆಂದು ಹೇಳಿಲ್ಲ. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಂದಿಗೆ ಕೂಡುವುದು, ಕೂಡುವಾಗ ಶಾಖ ಹುಟ್ಟುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಎಣ್ಣೆಬಟ್ಟೆಯಲ್ಲಿ ಆ ಶಾಖಕ್ಕೆ ಹೊರದಾರಿಯಿಲ್ಲ, ಕೆಲವು ಗಂಟೆಗಳಲ್ಲಿ ಯಾರೂ ಕಡ್ಡಿ ಗೀರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಪಕ್ಕದಲ್ಲೇ ಪೆಟ್ರೋಲ್ ಡಬ್ಬಿ ಇರುವ ಸಲಕರಣೆ ಕೋಣೆಯಲ್ಲಿ ಇದು ಆಗಬಾರದು. ಬಟ್ಟೆಯನ್ನು ಬಯಲಲ್ಲಿ ಒಂದೇ ಪದರವಾಗಿ ಹರಡಿ ಗರಿಗರಿ ಒಣಗಿಸಿ ಎಸೆಯಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಬೇಕು.

ಉಳಿದ ತಿದ್ದುಪಡಿಗಳಿಗೆ ಜಾಗವಿಲ್ಲದಿದ್ದರೂ ಈ ಎಣ್ಣೆಬಟ್ಟೆಯ ಮಾತನ್ನು ಮುಂದಿನ ವಾರದ ಪುಟದಲ್ಲೇ ಅಚ್ಚು ಹಾಕಿ. ಸವರುವ ಸಾಲನ್ನು ಪಟ್ಟಿಯಿಂದ ತೆಗೆಯಿರಿ.

ಇಂತಿ,
ಕೈತೋಟದ ಪುಟದ ಓದುಗರು